ಸ್ಮಾರ್ಟ್‌ಫೋನ್ ಕಾರ್ಯಾಚರಣಾ ವ್ಯವಸ್ಥೆಯ ನವೀಕರಣ

ಸ್ಮಾರ್ಟ್‌ಫೋನ್ ಕಾರ್ಯಾಚರಣಾ ವ್ಯವಸ್ಥೆಯ ನವೀಕರಣ ಎಂದರೆ, ಈಗಾಗಲೇ ಮಾರಾಟವಾಗಿ ಬಳಕೆದಾರರ ಕೈಯಲ್ಲಿರುವ ಫೋನಿನ ಮೂಲ ತಂತ್ರಾಂಶವನ್ನು ತಯಾರಕರು ತಿದ್ದಿ, ಬೆಳೆಸಿ, ಅಂತರ್ಜಾಲದ ಮೂಲಕ ಆ ಫೋನಿಗೆ ತಲುಪಿಸುವ ಕ್ರಮ. ಆಡುಮಾತಿನಲ್ಲಿ ಇದು ‘ಅಪ್‌ಡೇಟ್’ ಎಂದೇ ರೂಢಿಯಾಗಿದೆ. ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ಮತ್ತು ಆ್ಯಪಲ್ ಸಂಸ್ಥೆಯ ಐಓಎಸ್ ಇಂದು ಪ್ರಚಲಿತವಾಗಿರುವ ಎರಡು ಪ್ರಮುಖ ಕಾರ್ಯಾಚರಣಾ ವ್ಯವಸ್ಥೆಗಳು. ಪ್ರತಿವರ್ಷ ಇವುಗಳ ಹೊಸ ಆವೃತ್ತಿ ಹೊರಬರುವಾಗ ಹೊಸ ಸೌಲಭ್ಯಗಳಿಗೆ ದೊಡ್ಡ ಪ್ರಚಾರ ದೊರೆಯುತ್ತದೆ. ಆದರೆ ಈ ವಿಷಯದಲ್ಲಿ ನಡೆದ ವಿವಾದಗಳು, ಮೊಕದ್ದಮೆಗಳು ಮತ್ತು ರೂಪುಗೊಂಡ ಕಾನೂನುಗಳನ್ನು ನೋಡಿದರೆ, ಬಳಕೆದಾರರ ನಿಜವಾದ ನಿರೀಕ್ಷೆ ಬೇರೆಡೆ ಇರುವುದು ಕಾಣುತ್ತದೆ. ಹಣ ಕೊಟ್ಟು ಕೊಂಡ ಫೋನು ಎಷ್ಟು ವರ್ಷ ಸುರಕ್ಷಿತವಾಗಿ ನಡೆಯುತ್ತದೆ, ನವೀಕರಣವನ್ನು ಅಳವಡಿಸಿಕೊಂಡ ಬಳಿಕ ಅದು ಮೊದಲಿಗಿಂತ ಕೆಡದೆ ಉಳಿಯುತ್ತದೆಯೇ ಎಂಬ ಎರಡು ಪ್ರಶ್ನೆಗಳೇ ಮತ್ತೆ ಮತ್ತೆ ಎದುರಾಗುತ್ತವೆ.

ಬಗೆಗಳು

ನವೀಕರಣಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೊದಲನೆಯದು ಆವೃತ್ತಿಯ ನವೀಕರಣ. ಆಂಡ್ರಾಯ್ಡ್ 14ರಿಂದ 15ಕ್ಕೆ, ಐಓಎಸ್ 17ರಿಂದ 18ಕ್ಕೆ ಏರುವುದು ಇದಕ್ಕೆ ನಿದರ್ಶನ. ಇದರಲ್ಲಿ ಪರದೆಯ ರೂಪ, ಸೌಲಭ್ಯಗಳು ಹಾಗೂ ಒಳಗಿನ ರಚನೆ ಬದಲಾಗುತ್ತವೆ. ಎರಡನೆಯದು ಭದ್ರತಾ ನವೀಕರಣ. ತಂತ್ರಾಂಶದಲ್ಲಿ ಪತ್ತೆಯಾದ ದೋಷಗಳನ್ನು ಮುಚ್ಚುವುದಷ್ಟೇ ಇದರ ಕೆಲಸ. ಹೊರನೋಟಕ್ಕೆ ಏನೂ ಬದಲಾಗುವುದಿಲ್ಲ. ಪುಸ್ತಕ ಲೋಕದ ಹೋಲಿಕೆ ಕೊಡುವುದಾದರೆ ಮೊದಲನೆಯದು ಪರಿಷ್ಕೃತ ಮುದ್ರಣ, ಎರಡನೆಯದು ಪುಸ್ತಕದ ಕೊನೆಯಲ್ಲಿ ಅಂಟಿಸುವ ತಪ್ಪು-ಒಪ್ಪುಗಳ ಪಟ್ಟಿ. ಜಾಹೀರಾತು ಸಿಗುವುದು ಮೊದಲನೆಯದಕ್ಕೆ. ಬಳಕೆದಾರರ ಹಣ ಮತ್ತು ಖಾಸಗಿ ಮಾಹಿತಿಯನ್ನು ಕಾಯುವುದು ಬಹುಮಟ್ಟಿಗೆ ಎರಡನೆಯದು.

ಇವಲ್ಲದೆ ಪ್ರತ್ಯೇಕ ಅನ್ವಯಿಕಗಳ, ಅಂದರೆ ಆ್ಯಪ್‌ಗಳ, ನವೀಕರಣವೂ ಉಂಟು. ಅದು ಆ್ಯಪ್ ಮಳಿಗೆಗಳ ಮೂಲಕ ನಡೆಯುತ್ತದೆ ಮತ್ತು ಈ ಲೇಖನದ ವ್ಯಾಪ್ತಿಗೆ ಸೇರುವುದಿಲ್ಲ.

ಹಿನ್ನೆಲೆ

ಸ್ಮಾರ್ಟ್‌ಫೋನಿಗಿಂತ ಹಿಂದಿನ ಸಾಧಾರಣ ಮೊಬೈಲ್ ಫೋನು ಕಾರ್ಖಾನೆಯಿಂದ ಹೇಗೆ ಬಂದಿತ್ತೋ ಬಹುಮಟ್ಟಿಗೆ ಹಾಗೆಯೇ ತನ್ನ ಆಯುಸ್ಸನ್ನು ಕಳೆಯುತ್ತಿತ್ತು. ಕೊಂಡ ಮೇಲೂ ಫೋನು ಬೆಳೆಯಬಲ್ಲದು ಎಂಬ ಭಾವನೆ ಜನಸಾಮಾನ್ಯರಲ್ಲಿ ಬೇರೂರಿದ್ದು 2007ರಲ್ಲಿ ಐಫೋನ್, 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದ ನಂತರ. ಆ ಕಾಲದ ನವೀಕರಣಗಳು ತುಂಬಿಕೊಟ್ಟ ಕೊರತೆಗಳನ್ನು ಇಂದು ನೆನೆದರೆ ಅಚ್ಚರಿಯಾಗುತ್ತದೆ. ಐಫೋನಿನಲ್ಲಿ ಬರೆಹವನ್ನು ಒಂದೆಡೆಯಿಂದ ನಕಲಿಸಿ ಇನ್ನೊಂದೆಡೆ ಅಂಟಿಸುವ ಸೌಲಭ್ಯ ಬಂದದ್ದು 2009ರ ಮೂರನೆಯ ಆವೃತ್ತಿಯಲ್ಲಿ. ಮೊದಲ ಆಂಡ್ರಾಯ್ಡ್ ಫೋನಿಗೆ ಪರದೆಯ ಮೇಲಿನ ಕೀಲಿಮಣೆಯೇ ಇರಲಿಲ್ಲ. ಅದು ದೊರೆತದ್ದು ಅದೇ ವರ್ಷದ 1.5ನೆಯ ಆವೃತ್ತಿಯಿಂದ. ಇಂಥ ಮೂಲಭೂತ ಅಗತ್ಯಗಳೇ ನವೀಕರಣದಿಂದ ಒದಗುತ್ತಿದ್ದುದರಿಂದ ಮುಂದಿನ ಆವೃತ್ತಿಗಾಗಿ ಕಾತರದಿಂದ ಕಾಯುವ ರೂಢಿ ಬೆಳೆಯಿತು.

ನವೀಕರಣಗಳು ಎಲ್ಲರಿಗೂ ಉಚಿತವಾಗಿರಲಿಲ್ಲ ಎಂಬುದೂ ಉಲ್ಲೇಖನೀಯ. ಐಫೋನ್ ಬಳಕೆದಾರರಿಗೆ 2008ರ ಎರಡನೆಯ ಆವೃತ್ತಿ ಉಚಿತವಾಗಿ ದೊರೆತರೂ ಅದೇ ತಂತ್ರಾಂಶ ಬಳಸುತ್ತಿದ್ದ ಐಪಾಡ್ ಟಚ್ ಸಾಧನದವರು 9.95 ಡಾಲರ್ ತೆರಬೇಕಾಗಿತ್ತು. ಐಫೋನನ್ನು ನವೀಕರಿಸಲು ಅದನ್ನು ತಂತಿಯ ಮೂಲಕ ಕಂಪ್ಯೂಟರಿಗೆ ಜೋಡಿಸಬೇಕಾಗಿದ್ದ ಪದ್ಧತಿ 2011ರ ಐಓಎಸ್ 5ರೊಂದಿಗೆ ಕೊನೆಗೊಂಡಿತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೂ ನವೀಕರಣ ಆಗ ಎಟುಕುವಂತಾಯಿತು.

ಬಳಕೆದಾರರ ನಿರೀಕ್ಷೆಗೆ ಪೆಟ್ಟು ಬಿದ್ದ ಘಟನೆಗಳೂ ಆರಂಭದಿಂದಲೇ ಇವೆ. 2012ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ಫೋನ್ 7 ಸಾಧನಗಳು ಮುಂದಿನ 8ನೆಯ ಆವೃತ್ತಿಗೆ ಏರಲಾರವು ಎಂದು ಪ್ರಕಟಿಸಿತು. ನೋಕಿಯಾ ಲೂಮಿಯಾ 900 ಅಮೆರಿಕದ ಮಾರುಕಟ್ಟೆಗೆ ಬಂದು ಆಗ ಮೂರು ತಿಂಗಳೂ ತುಂಬಿರಲಿಲ್ಲ.

ನವೀಕರಣ ಸಾಗಿಬರುವ ದಾರಿ

ಐಫೋನಿನ ಯಂತ್ರಾಂಶ, ತಂತ್ರಾಂಶಗಳೆರಡನ್ನೂ ಆ್ಯಪಲ್ ಒಂದೇ ರೂಪಿಸುತ್ತದೆ. ಹೀಗಾಗಿ ಹೊಸ ಆವೃತ್ತಿಯು ಅರ್ಹವಾದ ಎಲ್ಲ ಫೋನುಗಳಿಗೂ ಒಂದೇ ದಿನ ಲಭ್ಯವಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಹಾಗಲ್ಲ. ಗೂಗಲ್ ಮೊದಲು ಹೊಸ ಆವೃತ್ತಿಯ ಆಕರ ಸಂಕೇತವನ್ನು ಪ್ರಕಟಿಸುತ್ತದೆ. ಕ್ವಾಲ್‌ಕಾಮ್, ಮೀಡಿಯಾಟೆಕ್ ಮೊದಲಾದ ಚಿಪ್ ತಯಾರಕರು ತಮ್ಮ ಚಿಪ್‌ಗಳೊಡನೆ ಅದು ಹೊಂದಿಕೊಳ್ಳುವಂತೆ ಚಾಲಕ ತಂತ್ರಾಂಶಗಳನ್ನು ಸಿದ್ಧಪಡಿಸುತ್ತಾರೆ. ಬಳಿಕ ಫೋನ್ ತಯಾರಕರು ತಮ್ಮದೇ ಪರದೆವಿನ್ಯಾಸ ಹಾಗೂ ಸೌಲಭ್ಯಗಳನ್ನು ಅದಕ್ಕೆ ಸೇರಿಸಿ ಪ್ರತಿಯೊಂದು ಮಾದರಿಯ ಮೇಲೂ ಪರೀಕ್ಷಿಸುತ್ತಾರೆ. ಕೆಲವು ದೇಶಗಳಲ್ಲಿ ದೂರಸಂಪರ್ಕ ಕಂಪನಿಯ ಒಪ್ಪಿಗೆಯೂ ಬೇಕು. ಈ ಸರಪಳಿಯಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಸಂದರ್ಭಗಳೇ ಹೆಚ್ಚು. ಹಳೆಯ ಚಿಪ್‌ಗೆ ಹೊಸ ಚಾಲಕ ತಂತ್ರಾಂಶ ಬರೆಯುವುದರಿಂದ ಚಿಪ್ ತಯಾರಕರಿಗೆ ಆದಾಯವಿಲ್ಲ. ಈಗಾಗಲೇ ಮಾರಿದ ಫೋನನ್ನು ಹೊಸದಾಗಿಸುವುದರಿಂದ ಫೋನ್ ತಯಾರಕರ ಮುಂದಿನ ಮಾದರಿಯ ಮಾರಾಟ ತಗ್ಗಬಹುದು. ನವೀಕರಣದ ವಿಳಂಬಕ್ಕೆ ತಾಂತ್ರಿಕ ಕಾರಣಗಳಷ್ಟೇ ಈ ಲೆಕ್ಕಾಚಾರವೂ ಕಾರಣ.

ಸ್ಯಾಮ್‌ಸಂಗ್‌ನ ಮೊದಲ ಗ್ಯಾಲಕ್ಸಿ ಎಸ್ ಫೋನಿನ ಪ್ರಕರಣ ಇಲ್ಲಿ ಗಮನಾರ್ಹ. 2010ರಲ್ಲಿ ಬಿಡುಗಡೆಯಾದ ಈ ಫೋನಿಗೆ ಆಂಡ್ರಾಯ್ಡ್ 4.0 ಕೊಡಲಾಗದು ಎಂದು 2011ರ ಕೊನೆಯಲ್ಲಿ ಸಂಸ್ಥೆ ತಿಳಿಸಿತು. ತನ್ನ ಪರದೆವಿನ್ಯಾಸವನ್ನೂ ಹೊಸ ಆವೃತ್ತಿಯನ್ನೂ ಒಟ್ಟಿಗೆ ಹಿಡಿಸುವಷ್ಟು ಸ್ಮರಣೆ ಫೋನಿನಲ್ಲಿಲ್ಲ ಎಂಬುದು ಕೊಟ್ಟ ಕಾರಣ. ಆದರೆ ಸಯಾನೋಜೆನ್‌ಮಾಡ್ ಎಂಬ ಸ್ವಯಂಸೇವಕ ತಂಡದವರು ಅದೇ ಫೋನಿನಲ್ಲಿ ಅದೇ ಆವೃತ್ತಿಯನ್ನು ನಡೆಸಿ ತೋರಿಸಿದರು. ‘ಆಗದು’ ಎಂಬ ಮಾತಿಗೆ ‘ನಮ್ಮ ಅಲಂಕಾರಗಳನ್ನು ಬಿಟ್ಟುಕೊಡಲಾಗದು’ ಎಂಬ ಅರ್ಥವೂ ಇರಬಹುದೆಂದು ಬಳಕೆದಾರರು ಕಲಿತದ್ದು ಇಂಥ ಪ್ರಸಂಗಗಳಿಂದ.

ಈ ತೊಡಕನ್ನು ಬಿಡಿಸಲು ಗೂಗಲ್ ಹಲವು ಬಾರಿ ಯತ್ನಿಸಿದೆ. 2011ರಲ್ಲಿ ತಯಾರಕರ ಒಕ್ಕೂಟವೊಂದನ್ನು ಘೋಷಿಸಿ, ಹೊಸ ಫೋನುಗಳಿಗೆ 18 ತಿಂಗಳ ಕಾಲ ನವೀಕರಣ ಒದಗಿಸುವ ಮಾತು ಕೊಡಲಾಯಿತು. ಆ ಮಾತು ನಡೆಯಲಿಲ್ಲ. ಮುಂದೆ ಗೂಗಲ್ ಪ್ಲೇ ಸರ್ವೀಸಸ್ ಎಂಬ ಪ್ರತ್ಯೇಕ ತಂತ್ರಾಂಶದ ಮೂಲಕ ಹಲವು ಸೌಲಭ್ಯಗಳನ್ನು ಕಾರ್ಯಾಚರಣಾ ವ್ಯವಸ್ಥೆಯಿಂದ ಬೇರ್ಪಡಿಸಲಾಯಿತು. 2017ರ ಆಂಡ್ರಾಯ್ಡ್ 8ರೊಂದಿಗೆ ಬಂದ ‘ಪ್ರಾಜೆಕ್ಟ್ ಟ್ರೆಬಲ್’ ಚಿಪ್‌ಗೆ ಸಂಬಂಧಿಸಿದ ಭಾಗವನ್ನೂ ಉಳಿದ ವ್ಯವಸ್ಥೆಯನ್ನೂ ಪ್ರತ್ಯೇಕ ಅಂಕಣಗಳಲ್ಲಿ ಇರಿಸಿತು. 2019ರ ಆಂಡ್ರಾಯ್ಡ್ 10ರಲ್ಲಿ ಬಂದ ‘ಪ್ರಾಜೆಕ್ಟ್ ಮೇನ್‌ಲೈನ್’ ವ್ಯವಸ್ಥೆಯ ಕೆಲವು ಭಾಗಗಳನ್ನು ಆ್ಯಪ್‌ಗಳಂತೆಯೇ ಮಳಿಗೆಯ ಮೂಲಕ ತಿದ್ದಲು ಅವಕಾಶ ಮಾಡಿತು. ಆಂಡ್ರಾಯ್ಡ್ 7ರಿಂದ ಬೆಂಬಲ ಪಡೆದ ಇನ್ನೊಂದು ವಿಧಾನದಲ್ಲಿ ವ್ಯವಸ್ಥೆಯ ಎರಡು ಪ್ರತಿಗಳಿಗೆ ಫೋನಿನಲ್ಲಿ ಜಾಗವಿರುತ್ತದೆ. ಬಳಕೆಯಲ್ಲಿರುವ ಪ್ರತಿಯನ್ನು ಮುಟ್ಟದೆ ಇನ್ನೊಂದನ್ನು ನವೀಕರಿಸಲಾಗುತ್ತದೆ. ಫೋನನ್ನು ಮತ್ತೆ ಚಾಲೂ ಮಾಡಿದಾಗ ಹೊಸ ಪ್ರತಿ ಕೆಲಸಕ್ಕೆ ಬರುತ್ತದೆ, ಅದು ಕೈಕೊಟ್ಟರೆ ಹಳೆಯದು ಉಳಿದಿರುತ್ತದೆ.

ನವೀಕರಣವನ್ನು ಎಲ್ಲರಿಗೂ ಒಂದೇ ಬಾರಿಗೆ ಕಳುಹಿಸದೆ ಹಂತಹಂತವಾಗಿ ಬಿಡುವುದು ಆಂಡ್ರಾಯ್ಡ್ ತಯಾರಕರ ವಾಡಿಕೆ. ಒಂದೇ ಮಾದರಿಯ ಎರಡು ಫೋನುಗಳ ಪೈಕಿ ಒಂದಕ್ಕೆ ನವೀಕರಣ ಬಂದು ಇನ್ನೊಂದಕ್ಕೆ ಬಾರದಿರಲು ಇದೇ ಕಾರಣ. ಫೋನಿನಲ್ಲಿ ದೋಷವಿದೆಯೆಂದು ಭಾವಿಸಬೇಕಿಲ್ಲ.

ಬಳಕೆದಾರರ ನಿರೀಕ್ಷೆಗಳು

ಸುರಕ್ಷತೆ

2015ರ ಜುಲೈಯಲ್ಲಿ ಜಿಂಪೇರಿಯಂ ಎಂಬ ಭದ್ರತಾ ಸಂಸ್ಥೆಯು ಆಂಡ್ರಾಯ್ಡ್‌ನ ‘ಸ್ಟೇಜ್‌ಫ್ರೈಟ್’ ಎಂಬ ಭಾಗದಲ್ಲಿ ಗಂಭೀರ ದೋಷಗಳಿರುವುದನ್ನು ಪ್ರಕಟಿಸಿತು. ವಿಡಿಯೊ, ಧ್ವನಿ ಕಡತಗಳನ್ನು ನಿರ್ವಹಿಸುವ ಭಾಗ ಅದು. ದುರುದ್ದೇಶದಿಂದ ರಚಿಸಿದ ಒಂದು ಎಂಎಂಎಸ್ ಸಂದೇಶವನ್ನು ಕಳುಹಿಸಿ, ಬಳಕೆದಾರರು ಅದನ್ನು ತೆರೆಯುವ ಮೊದಲೇ ಫೋನಿನ ಮೇಲೆ ಹಿಡಿತ ಸಾಧಿಸಬಹುದಾಗಿತ್ತು. ಸುಮಾರು 95 ಕೋಟಿ ಸಾಧನಗಳು ಈ ದೋಷಕ್ಕೆ ಒಳಗಾಗಿರಬಹುದೆಂದು ಸಂಸ್ಥೆ ಅಂದಾಜಿಸಿತ್ತು. ತಿದ್ದುಪಡಿ ಸಿದ್ಧವಿದ್ದರೂ ಅದನ್ನು ಇಷ್ಟು ಫೋನುಗಳಿಗೆ ತಲುಪಿಸುವ ಮಾರ್ಗವೇ ಸರಿಯಾಗಿಲ್ಲ ಎಂಬುದು ಆಗ ಜಗಜ್ಜಾಹೀರಾಯಿತು. ಮರುತಿಂಗಳು, ಅಂದರೆ ಆಗಸ್ಟ್ 2015ರಿಂದ, ಗೂಗಲ್ ತನ್ನ ನೆಕ್ಸಸ್ ಫೋನುಗಳಿಗೆ ಪ್ರತಿತಿಂಗಳೂ ಭದ್ರತಾ ನವೀಕರಣ ನೀಡತೊಡಗಿತು. ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಸಂಸ್ಥೆಗಳೂ ಇಂಥ ಮಾಸಿಕ ಕ್ರಮವನ್ನು ಘೋಷಿಸಿದವು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ವಿಭಾಗದಲ್ಲಿ ಇಂದು ಕಾಣುವ ಭದ್ರತಾ ನವೀಕರಣದ ದಿನಾಂಕ ಈ ಬೆಳವಣಿಗೆಯ ಫಲ. ಫೋನಿನ ಆರೋಗ್ಯವನ್ನು ತಿಳಿಯಬಯಸುವವರು ಮೊದಲು ನೋಡಬೇಕಾದದ್ದು ಆವೃತ್ತಿಯ ಸಂಖ್ಯೆಯನ್ನಲ್ಲ, ಈ ದಿನಾಂಕವನ್ನು.

ಹಾಗೆಂದು ದಿನಾಂಕವೂ ಸಂಪೂರ್ಣ ನಂಬಲರ್ಹವಲ್ಲ ಎಂದು 2018ರಲ್ಲಿ ತಿಳಿದುಬಂತು. ಬರ್ಲಿನ್ನಿನ ಸೆಕ್ಯುರಿಟಿ ರಿಸರ್ಚ್ ಲ್ಯಾಬ್ಸ್ ನಡೆಸಿದ ಪರಿಶೀಲನೆಯಲ್ಲಿ, ಕೆಲವು ತಯಾರಕರ ಫೋನುಗಳು ತೋರಿಸುತ್ತಿದ್ದ ದಿನಾಂಕದವರೆಗಿನ ಎಲ್ಲ ತಿದ್ದುಪಡಿಗಳನ್ನು ವಾಸ್ತವವಾಗಿ ಹೊಂದಿರಲಿಲ್ಲ.

ಭಾರತದಲ್ಲಿ ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆಯು ಆಂಡ್ರಾಯ್ಡ್ ಮತ್ತು ಐಓಎಸ್‌ಗಳ ದೋಷಗಳ ಬಗ್ಗೆ ಆಗಾಗ ಎಚ್ಚರಿಕೆಯ ಸೂಚನೆಗಳನ್ನು ಹೊರಡಿಸುತ್ತದೆ. ಫೋನನ್ನು ಕೂಡಲೇ ನವೀಕರಿಸಿ ಎಂಬುದು ಈ ಸೂಚನೆಗಳ ಸಾಮಾನ್ಯ ಸಲಹೆ. ತಯಾರಕರೇ ಬೆಂಬಲ ನಿಲ್ಲಿಸಿದ ಫೋನನ್ನು ಹೊಂದಿರುವವರಿಗೆ ಆ ಸಲಹೆಯಿಂದ ಪ್ರಯೋಜನವಿಲ್ಲ. ಯುಪಿಐ ಮೂಲಕ ತರಕಾರಿ ಅಂಗಡಿಯ ಲೆಕ್ಕವೂ ಫೋನಿನಲ್ಲೇ ಚುಕ್ತಾ ಆಗುವ ದೇಶದಲ್ಲಿ ಈ ಕೊರತೆ ಹೆಚ್ಚಾಗಿ ತಟ್ಟುವುದು ಅಗ್ಗದ ಅಥವಾ ಬಳಸಿದ ಫೋನು ಕೊಳ್ಳುವವರಿಗೆ.

ದೀರ್ಘಾಯುಸ್ಸು

ಫೋನಿನ ಕವಚ, ಪರದೆ, ಬ್ಯಾಟರಿಗಳು ಚೆನ್ನಾಗಿದ್ದರೂ ತಂತ್ರಾಂಶದ ಬೆಂಬಲ ನಿಂತುಹೋದರೆ ಅದು ಕ್ರಮೇಣ ಬಳಕೆಗೆ ಬಾರದಂತಾಗುತ್ತದೆ. ಬೆಂಬಲದ ಅವಧಿಯಲ್ಲಿ ಆ್ಯಪಲ್ ಬಹುಕಾಲ ಮುಂದಿತ್ತು. 2015ರ ಐಫೋನ್ 6ಎಸ್ ಮಾದರಿಗೆ ಐಓಎಸ್ 9ರಿಂದ 15ರವರೆಗೂ ಆವೃತ್ತಿಗಳು ದೊರೆತವು. 2013ರ ಐಫೋನ್ 5ಎಸ್ ಮಾದರಿಗೆ 2023ರ ಜನವರಿಯಲ್ಲಿಯೂ ಒಂದು ಭದ್ರತಾ ನವೀಕರಣ ಬಂತು. ಆದರೆ ಎಷ್ಟು ವರ್ಷ ಬೆಂಬಲ ನೀಡುತ್ತೇವೆಂದು ಆ್ಯಪಲ್ ಮುಂಚಿತವಾಗಿ ಲಿಖಿತ ಭರವಸೆ ಕೊಡುತ್ತಿರಲಿಲ್ಲ. ಬಳಕೆದಾರರು ಹಿಂದಿನ ಅನುಭವವನ್ನೇ ನೆಚ್ಚಬೇಕಾಗಿತ್ತು.

ಆಂಡ್ರಾಯ್ಡ್ ತಯಾರಕರಲ್ಲಿ ಲಿಖಿತ ಭರವಸೆಯ ಪೈಪೋಟಿ ಇತ್ತೀಚಿನದು. 2022ರ ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಆಯ್ದ ಮಾದರಿಗಳಿಗೆ ನಾಲ್ಕು ಆವೃತ್ತಿಗಳು ಹಾಗೂ 5 ವರ್ಷಗಳ ಭದ್ರತಾ ನವೀಕರಣದ ಭರವಸೆ ನೀಡಿತು. 2023ರ ಅಕ್ಟೋಬರ್‌ನಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ ಈ ಅವಧಿಯನ್ನು 7 ವರ್ಷಗಳಿಗೆ ಏರಿಸಿತು. 2024ರ ಜನವರಿಯಲ್ಲಿ ಬಂದ ಗ್ಯಾಲಕ್ಸಿ ಎಸ್24 ಸರಣಿಗೆ ಸ್ಯಾಮ್‌ಸಂಗ್ ಕೂಡ ಅಷ್ಟೇ ಅವಧಿಯನ್ನು ಘೋಷಿಸಿತು. ಇವೆಲ್ಲ ದುಬಾರಿ ಫೋನುಗಳು. ಕಡಿಮೆ ಬೆಲೆಯ ಹಲವು ಮಾದರಿಗಳಿಗೆ ಇಷ್ಟು ದೀರ್ಘ ಭರವಸೆ ಇಲ್ಲ. ಫೋನನ್ನು ಹೆಚ್ಚು ವರ್ಷ ಬಳಸಬೇಕಾದ ಅನಿವಾರ್ಯತೆ ಇರುವವರಿಗೇ ಕಡಿಮೆ ವರ್ಷಗಳ ಬೆಂಬಲ ದೊರೆಯುವುದು ಈ ಕ್ಷೇತ್ರದ ದೊಡ್ಡ ಅಸಮತೆ.

ಬೆಂಬಲದ ಅವಧಿಯನ್ನು ಯಾವ ದಿನದಿಂದ ಎಣಿಸುತ್ತಾರೆ ಎಂಬುದನ್ನೂ ಗಮನಿಸಬೇಕು. ಸಾಮಾನ್ಯವಾಗಿ ಅದು ಆ ಮಾದರಿ ಮೊದಲು ಮಾರುಕಟ್ಟೆಗೆ ಬಂದ ದಿನದಿಂದ ಆರಂಭವಾಗುತ್ತದೆ, ಗ್ರಾಹಕರು ಕೊಂಡ ದಿನದಿಂದಲ್ಲ. ರಿಯಾಯಿತಿ ಮಾರಾಟದಲ್ಲಿ ಎರಡು ವರ್ಷ ಹಳೆಯ ಮಾದರಿಯನ್ನು ಕೊಂಡವರಿಗೆ ಆ ಎರಡು ವರ್ಷ ಆಗಲೇ ಕಳೆದುಹೋಗಿರುತ್ತದೆ.

ಇದ್ದದ್ದು ಕೆಡದಿರುವುದು

ಐಓಎಸ್ 8.0.1 ನವೀಕರಣ 2014ರ ಸೆಪ್ಟೆಂಬರ್ 24ರಂದು ಹೊರಬಂತು. ಅದನ್ನು ಅಳವಡಿಸಿಕೊಂಡ ಹಲವರ ಐಫೋನ್ 6 ಮತ್ತು 6 ಪ್ಲಸ್‌ಗಳಲ್ಲಿ ಮೊಬೈಲ್ ಸಂಪರ್ಕವೂ ಬೆರಳಚ್ಚು ಗುರುತಿಸುವಿಕೆಯೂ ನಿಂತುಹೋದವು. ಸುಮಾರು ಒಂದು ತಾಸಿನಲ್ಲಿ ಆ್ಯಪಲ್ ಅದನ್ನು ಹಿಂತೆಗೆದುಕೊಂಡು ಮರುದಿನ 8.0.2 ಆವೃತ್ತಿಯನ್ನು ನೀಡಿತು.

ಇದಕ್ಕಿಂತ ಬಹುದೊಡ್ಡ ವಿವಾದ ಬ್ಯಾಟರಿಯದು. ನವೀಕರಣ ಬಂದರೆ ಹಳೆಯ ಫೋನು ನಿಧಾನವಾಗುತ್ತದೆ ಎಂಬ ಶಂಕೆ ಬಳಕೆದಾರರಲ್ಲಿ ಬಹುಕಾಲದಿಂದ ಇತ್ತು. 2017ರ ಡಿಸೆಂಬರ್‌ನಲ್ಲಿ ಗೀಕ್‌ಬೆಂಚ್ ಎಂಬ ವೇಗಮಾಪನ ತಂತ್ರಾಂಶದ ರೂವಾರಿ ಜಾನ್ ಪೂಲ್, ಐಫೋನ್ 6ಎಸ್ ಮತ್ತು 7 ಮಾದರಿಗಳ ವೇಗವು ಐಓಎಸ್ ಆವೃತ್ತಿಯೊಂದಿಗೆ ಬದಲಾಗುತ್ತಿರುವುದನ್ನು ಅಂಕಿಅಂಶಗಳಿಂದ ತೋರಿಸಿದರು. ಆ ಬಳಿಕ ಆ್ಯಪಲ್ ವಿಷಯವನ್ನು ಒಪ್ಪಿಕೊಂಡಿತು. ಬ್ಯಾಟರಿ ಹಳತಾದಂತೆ ಒಮ್ಮೆಲೇ ಹೆಚ್ಚು ವಿದ್ಯುತ್ ಪೂರೈಸಲಾರದೆ ಫೋನು ಇದ್ದಕ್ಕಿದ್ದಂತೆ ಸ್ಥಗಿತಗೊಳ್ಳುತ್ತಿತ್ತು. ಅದನ್ನು ತಪ್ಪಿಸಲು ಐಓಎಸ್ 10.2.1ರಿಂದ ಪ್ರೊಸೆಸರ್ ವೇಗವನ್ನು ತಗ್ಗಿಸಲಾಗಿತ್ತು. ಕಾರಣ ತಾಂತ್ರಿಕವಾಗಿ ಸಮಂಜಸವೇ ಆಗಿತ್ತು. ಅದನ್ನು ಬಳಕೆದಾರರಿಗೆ ಸ್ಪಷ್ಟವಾಗಿ ತಿಳಿಸದೆ ಮಾಡಿದ್ದು ಆಕ್ಷೇಪಕ್ಕೆ ಗುರಿಯಾಯಿತು. ಹೊಸ ಬ್ಯಾಟರಿ ಹಾಕಿಸಿದರೆ ಸರಿಹೋಗುತ್ತಿದ್ದ ಫೋನನ್ನು ಮುದಿಯಾಯಿತೆಂದು ತಿಳಿದು, ಹೊಸ ಫೋನನ್ನೇ ಕೊಂಡವರ ನಷ್ಟಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಎದ್ದಿತು. ಆ್ಯಪಲ್ ಕ್ಷಮೆ ಕೋರಿ, ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರ್‌ನಿಂದ 29 ಡಾಲರ್‌ಗೆ ಇಳಿಸಿತು. 2018ರ ಐಓಎಸ್ 11.3ರಲ್ಲಿ ಬ್ಯಾಟರಿಯ ಸ್ಥಿತಿಯನ್ನು ತೋರಿಸುವ, ವೇಗ ತಗ್ಗಿಸುವುದನ್ನು ನಿಲ್ಲಿಸುವ ಆಯ್ಕೆಗಳು ಬಂದವು. 2020ರಲ್ಲಿ ಅಮೆರಿಕದ ಸಾಮೂಹಿಕ ಮೊಕದ್ದಮೆಯನ್ನು ಗರಿಷ್ಠ 50 ಕೋಟಿ ಡಾಲರ್‌ವರೆಗಿನ ಪರಿಹಾರಕ್ಕೆ ಒಪ್ಪಿ ಇತ್ಯರ್ಥಪಡಿಸಲಾಯಿತು.

2025ರ ಜನವರಿಯಲ್ಲಿ ಗೂಗಲ್‌ನ ಪಿಕ್ಸೆಲ್ 4ಎ ಫೋನಿಗೂ ಇಂಥದೇ ಅನುಭವವಾಯಿತು. ನಿಯಮಿತ ಬೆಂಬಲ ಮುಗಿದಿದ್ದ ಈ ಮಾದರಿಗೆ ತಾನಾಗಿಯೇ ಬಂದ ನವೀಕರಣವೊಂದು ಹಲವು ಫೋನುಗಳ ಬ್ಯಾಟರಿ ಸಾಮರ್ಥ್ಯವನ್ನು ತಗ್ಗಿಸಿತು. ಬ್ಯಾಟರಿಯನ್ನು ಉಚಿತವಾಗಿ ಬದಲಿಸಿಕೊಳ್ಳುವ ಅಥವಾ ಪರಿಹಾರ ಪಡೆಯುವ ಆಯ್ಕೆಗಳನ್ನು ಸಂಸ್ಥೆ ನೀಡಿತು.

ನವೀಕರಣ ಇಷ್ಟವಾಗದಿದ್ದರೆ ಹಿಂದಿನ ಆವೃತ್ತಿಗೆ ಮರಳುವ ಸ್ವಾತಂತ್ರ್ಯವೂ ಬಳಕೆದಾರರ ಬಹುದಿನಗಳ ಬಯಕೆ. ಅದು ಸಾಮಾನ್ಯವಾಗಿ ಈಡೇರುವುದಿಲ್ಲ. ಹೊಸ ಆವೃತ್ತಿ ಬಂದ ಕೆಲಕಾಲದಲ್ಲೇ ಆ್ಯಪಲ್ ಹಳೆಯದಕ್ಕೆ ಅಂಕಿತ ಸಹಿ ಹಾಕುವುದನ್ನು ನಿಲ್ಲಿಸುತ್ತದೆ, ಸಹಿಯಿಲ್ಲದ ಆವೃತ್ತಿಯನ್ನು ಫೋನು ಸ್ವೀಕರಿಸುವುದಿಲ್ಲ. ಹಳೆಯ ಆವೃತ್ತಿಯ ದೋಷಗಳನ್ನು ಕಳ್ಳರು ಬಳಸದಿರಲೆಂಬುದು ಇದಕ್ಕೆ ಸಮರ್ಥನೆ.

ಜಾಗದ ಪ್ರಶ್ನೆಯೂ ಉಂಟು. ಐಓಎಸ್ 8ನ್ನು ಅಳವಡಿಸಲು ಫೋನಿನಲ್ಲಿ ಸುಮಾರು 4.6 ಜಿಬಿ ಖಾಲಿ ಜಾಗ ಬೇಕಿತ್ತು. 8 ಮತ್ತು 16 ಜಿಬಿ ಫೋನುಗಳನ್ನು ಹೊಂದಿದ್ದ ಅನೇಕರು ನವೀಕರಣಕ್ಕಾಗಿ ತಮ್ಮ ಛಾಯಾಚಿತ್ರಗಳನ್ನು ಅಳಿಸಬೇಕಾಯಿತು. ಮರುವರ್ಷದ ಐಓಎಸ್ 9ರಲ್ಲಿ ಈ ಅಗತ್ಯವನ್ನು 1.3 ಜಿಬಿಗೆ ಇಳಿಸಲಾಯಿತು.

ಹೊಸತನ ಮತ್ತು ಪರಿಚಿತತೆ

ಹೊಸ ರೂಪವನ್ನು ಬಯಸುವ ಬಳಕೆದಾರರೂ, ಗುಂಡಿಗಳು ಇದ್ದಲ್ಲೇ ಇರಲಿ ಎನ್ನುವ ಬಳಕೆದಾರರೂ ಒಂದೇ ನವೀಕರಣವನ್ನು ಪಡೆಯುತ್ತಾರೆ. 2012ರ ಐಓಎಸ್ 6ರಲ್ಲಿ ಗೂಗಲ್ ನಕಾಶೆಯನ್ನು ತೆಗೆದು ಆ್ಯಪಲ್ ತನ್ನದೇ ನಕಾಶೆಯನ್ನು ಇರಿಸಿತು. ಅದರಲ್ಲಿ ತಪ್ಪುಗಳು ಹೇರಳವಾಗಿದ್ದುದರಿಂದ ಮುಖ್ಯಸ್ಥ ಟಿಮ್ ಕುಕ್ ಬಹಿರಂಗವಾಗಿ ಕ್ಷಮೆ ಕೇಳಿ, ಪ್ರತಿಸ್ಪರ್ಧಿಗಳ ನಕಾಶೆಗಳನ್ನು ಬಳಸುವಂತೆ ಸೂಚಿಸಿದರು. 2013ರ ಐಓಎಸ್ 7ರ ಚಲಿಸುವ ಪರದೆಗಳಿಂದ ತಲೆಸುತ್ತು ಬರುತ್ತದೆ ಎಂಬ ದೂರುಗಳಿದ್ದವು. 2025ರ ಐಓಎಸ್ 26ರ ಗಾಜಿನಂಥ ಪಾರದರ್ಶಕ ವಿನ್ಯಾಸದಲ್ಲಿ ಅಕ್ಷರಗಳನ್ನು ಓದುವುದು ಕಷ್ಟವೆಂಬ ಟೀಕೆ ಬಂದು, 26.1ರಲ್ಲಿ ಪಾರದರ್ಶಕತೆಯನ್ನು ತಗ್ಗಿಸುವ ಆಯ್ಕೆ ನೀಡಲಾಯಿತು. ಹಿರಿಯ ನಾಗರಿಕರಿಗೆ ಈ ಬದಲಾವಣೆಗಳು ಇನ್ನೂ ಹೆಚ್ಚು ತೊಡಕು: ಕಷ್ಟಪಟ್ಟು ಕಲಿತ ಕ್ರಮವೊಂದು ಬೆಳಗಾಗುವಷ್ಟರಲ್ಲಿ ಬೇರೆಯಾಗಿ, ಕಲಿಸಿಕೊಟ್ಟ ಮೊಮ್ಮಕ್ಕಳು ಊರಿನಲ್ಲಿ ಇರುವುದಿಲ್ಲ.

ಭಾಷೆ

ಕನ್ನಡದ ಬಳಕೆದಾರರಿಗೆ ಕೆಲಕಾಲ ನವೀಕರಣದ ನಿರೀಕ್ಷೆಯೆಂದರೆ ತಮ್ಮ ಲಿಪಿಯನ್ನು ಫೋನಿನಲ್ಲಿ ನೋಡುವ ನಿರೀಕ್ಷೆಯೇ ಆಗಿತ್ತು. ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದ್ದರೂ ಆರಂಭದ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಜಾಲತಾಣ ತೆರೆದರೆ ಖಾಲಿ ಚೌಕಗಳ ಸಾಲು ಕಾಣುತ್ತಿತ್ತು. ಇದಕ್ಕೆ ಎರಡು ಕಾರಣಗಳು. ಒಂದು, ಫೋನಿನಲ್ಲಿ ಕನ್ನಡದ ಫಾಂಟ್ ಇರಲಿಲ್ಲ. ಇನ್ನೊಂದು, ಫಾಂಟ್ ಇದ್ದರೂ ಸಾಲದು. ಕನ್ನಡದಲ್ಲಿ ವ್ಯಂಜನಕ್ಕೆ ಸ್ವರಚಿಹ್ನೆ ಸೇರಿ ಕಾಗುಣಿತವೂ, ವ್ಯಂಜನಕ್ಕೆ ವ್ಯಂಜನ ಸೇರಿ ಒತ್ತಕ್ಷರವೂ ರೂಪುಗೊಳ್ಳಬೇಕು. ಈ ಜೋಡಣೆಯನ್ನು ಮಾಡುವ ಭಾಗ ಕಾರ್ಯಾಚರಣಾ ವ್ಯವಸ್ಥೆಯೊಳಗೆ ಇರಬೇಕಾಗುತ್ತದೆ. ಅದಿಲ್ಲದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ, ಒತ್ತುಗಳು ಕಳಚಿ ಬೀಳುತ್ತವೆ. ಆ ದಿನಗಳಲ್ಲಿ ಅನೇಕರು ಓಪೆರಾ ಮಿನಿ ಎಂಬ ಜಾಲದರ್ಶಕದ ಮೊರೆಹೋಗುತ್ತಿದ್ದರು. ಅದರಲ್ಲಿನ ಒಂದು ಒಳ ಆಯ್ಕೆಯನ್ನು ಬದಲಿಸಿದರೆ ಅಕ್ಷರಗಳು ಚಿತ್ರರೂಪದಲ್ಲಿ ಬಂದು ಪುಟವನ್ನು ಓದಬಹುದಾಗಿತ್ತು.

ಮುಂದಿನ ಆವೃತ್ತಿಗಳಲ್ಲಿ ಕನ್ನಡದ ಓದು ಸುಗಮವಾಯಿತು. 2014ರ ನವೆಂಬರ್‌ನಲ್ಲಿ ಹೊರಬಂದ ಆಂಡ್ರಾಯ್ಡ್ 5.0ರಲ್ಲಿ ಸೇರಿಸಲಾದ 15 ಹೊಸ ಭಾಷೆಗಳಲ್ಲಿ ಕನ್ನಡವೂ ಒಂದಾಗಿ, ಫೋನಿನ ಇಡೀ ಪರದೆಯನ್ನೇ ಕನ್ನಡದಲ್ಲಿ ಬಳಸುವುದು ಸಾಧ್ಯವಾಯಿತು. ತಮಿಳು, ತೆಲುಗು, ಮಲಯಾಳಂ, ಮರಾಠಿ, ಬಂಗಾಳಿಗಳೂ ಅದೇ ಪಟ್ಟಿಯಲ್ಲಿದ್ದವು. ಐಫೋನಿನಲ್ಲಿ ಕನ್ನಡವನ್ನು ಓದುವ ಸೌಲಭ್ಯ ಮೊದಲೇ ಇದ್ದರೂ ಆ್ಯಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರ ಐಓಎಸ್ 11ರಲ್ಲಿ.

ಭಾರತದಲ್ಲಿ ಮಾರಾಟವಾಗುವ ಫೋನುಗಳು ಭಾರತೀಯ ಭಾಷೆಗಳ ಲಿಪಿಗಳನ್ನು ತೋರಿಸಬಲ್ಲವಾಗಿರಬೇಕೆಂಬ ಮಾನಕವನ್ನು ಭಾರತೀಯ ಮಾನಕ ಬ್ಯೂರೋ ಐಎಸ್ 16333ರ 3ನೆಯ ಭಾಗವಾಗಿ ರೂಪಿಸಿತು. ಕೇಂದ್ರ ಸರ್ಕಾರ ಅದನ್ನು ಕಡ್ಡಾಯಗೊಳಿಸಿತು. ಖಾಲಿ ಚೌಕಗಳ ಕಾಲ ಹೀಗೆ ಮುಗಿದಿದ್ದರೂ ಹಳೆಯ ಫೋನುಗಳಲ್ಲಿ ಹೊಸ ಇಮೋಜಿಗಳು ಇಂದಿಗೂ ಚೌಕಗಳಾಗಿ ಕಾಣುವುದುಂಟು. ಕಾರಣ ಅದೇ: ಅವುಗಳ ಚಿತ್ರರೂಪಗಳು ವ್ಯವಸ್ಥೆಯ ಫಾಂಟಿನಲ್ಲಿ ಇಲ್ಲ.

ಭಾರತದ ಕೆಲವು ಪ್ರಸಂಗಗಳು

ಅಗ್ಗದ ಫೋನಿಗೂ ಸಕಾಲದಲ್ಲಿ ನವೀಕರಣ ದೊರೆಯಬೇಕೆಂಬ ಉದ್ದೇಶದ ‘ಆಂಡ್ರಾಯ್ಡ್ ಒನ್’ ಯೋಜನೆ ಮೊದಲು ಆರಂಭವಾದದ್ದು ಭಾರತದಲ್ಲಿ. 2014ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಸುಂದರ್ ಪಿಚೈ ಅವರು ಮೈಕ್ರೋಮ್ಯಾಕ್ಸ್, ಕಾರ್ಬನ್ ಮತ್ತು ಸ್ಪೈಸ್ ಸಂಸ್ಥೆಗಳ ಮೂರು ಫೋನುಗಳನ್ನು ಬಿಡುಗಡೆ ಮಾಡಿದರು. ಆರಂಭಿಕ ಬೆಲೆ 6,399 ರೂಪಾಯಿ. ಯಂತ್ರಾಂಶದ ವಿನ್ಯಾಸಕ್ಕೆ ಗೂಗಲ್‌ನ ಮಾರ್ಗದರ್ಶನವಿತ್ತು. ತಂತ್ರಾಂಶದಲ್ಲಿ ತಯಾರಕರ ಪರದೆವಿನ್ಯಾಸ ಇರಲಿಲ್ಲ. ಎರಡು ವರ್ಷಗಳವರೆಗೆ ನವೀಕರಣ ಗೂಗಲ್‌ನಿಂದಲೇ ನೇರವಾಗಿ ಬರುವುದೆಂಬ ಮಾತಿತ್ತು. ಆ ಕಾಲದಲ್ಲಿ ಮೊಬೈಲ್ ಡೇಟಾ ದುಬಾರಿಯಾಗಿದ್ದುದರಿಂದ, ಏರ್‌ಟೆಲ್ ಸಿಮ್ ಬಳಸುವವರಿಗೆ ಮೊದಲ ಆರು ತಿಂಗಳು ನವೀಕರಣದ ಡೇಟಾ ಉಚಿತವೆಂದೂ ಘೋಷಿಸಲಾಗಿತ್ತು. ನವೀಕರಣ ಲಭ್ಯವಿದ್ದರೂ ಅದನ್ನು ಇಳಿಸಿಕೊಳ್ಳುವ ಖರ್ಚು ಬಡವರಿಗೆ ಅಡ್ಡಿಯಾಗುತ್ತದೆ ಎಂಬುದನ್ನು ಗುರುತಿಸಿದ ಅಪರೂಪದ ಕ್ರಮ ಇದು. ಈ ಫೋನುಗಳಿಗೆ ಆಂಡ್ರಾಯ್ಡ್ 5.1 ಮತ್ತು 6.0 ದೊರೆತವು. ಮಾರಾಟ ಮಾತ್ರ ನಿರೀಕ್ಷೆಯಷ್ಟು ಆಗಲಿಲ್ಲ. ಅದೇ ಬೆಲೆಗೆ ಹೆಚ್ಚು ಸ್ಮರಣೆ, ದೊಡ್ಡ ಪರದೆಗಳ ಫೋನುಗಳು ಪಕ್ಕದಲ್ಲೇ ಇದ್ದವು. ಡಬ್ಬಿಯ ಮೇಲೆ ಅಚ್ಚಾಗುವ ಸಂಖ್ಯೆಗಳ ಮುಂದೆ ಎರಡು ವರ್ಷಗಳ ನಂತರ ಫಲ ಕೊಡುವ ಭರವಸೆ ಗ್ರಾಹಕರನ್ನು ಸೆಳೆಯಲಿಲ್ಲ.

ಇನ್ನೊಂದು ಪ್ರಸಂಗ 5ಜಿ ಸೇವೆಯದು. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಆರಂಭವಾದಾಗ, 5ಜಿ ಫೋನು ಎಂದೇ ಕೊಂಡಿದ್ದ ಅನೇಕರಿಗೆ ಆ ಸೇವೆ ದೊರೆಯಲಿಲ್ಲ. ಯಂತ್ರಾಂಶ ಸಿದ್ಧವಿದ್ದರೂ ಇಲ್ಲಿನ ಜಾಲಗಳಲ್ಲಿ ಅದನ್ನು ಚಾಲನೆಗೊಳಿಸುವ ತಂತ್ರಾಂಶ ಬಂದಿರಲಿಲ್ಲ. ಐಫೋನುಗಳಿಗೆ ಅದು ಡಿಸೆಂಬರ್‌ನ ಐಓಎಸ್ 16.2ರೊಂದಿಗೆ ಬಂತು.

ಕಾನೂನು

ನವೀಕರಣವು ತಯಾರಕರ ಕೃಪೆಯೋ ಗ್ರಾಹಕರ ಹಕ್ಕೋ ಎಂಬ ಪ್ರಶ್ನೆ ನ್ಯಾಯಾಲಯಗಳ ಮುಂದೆ ಬಂದಿದೆ. ನೆದರ್ಲೆಂಡ್ಸ್‌ನ ಗ್ರಾಹಕ ಸಂಘಟನೆ ಕನ್ಸ್ಯೂಮೆಂಟನ್‌ಬಾಂಡ್ 2016ರಲ್ಲಿ ಸ್ಯಾಮ್‌ಸಂಗ್ ವಿರುದ್ಧ, ಸಾಕಷ್ಟು ಕಾಲ ಭದ್ರತಾ ನವೀಕರಣ ಒದಗಿಸುತ್ತಿಲ್ಲವೆಂದು ಮೊಕದ್ದಮೆ ಹೂಡಿತು. 2018ರ ಮೇ ತಿಂಗಳಿನಲ್ಲಿ ಹೇಗ್ ನಗರದ ನ್ಯಾಯಾಲಯ ಸಂಘಟನೆಯ ಬೇಡಿಕೆಗಳನ್ನು ತಳ್ಳಿಹಾಕಿತು. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರವು, ಫೋನಿನ ಕಾರ್ಯಕ್ಷಮತೆಯನ್ನು ಕುಗ್ಗಿಸಿದ ನವೀಕರಣಗಳಿಗಾಗಿ ಆ್ಯಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ವಿಧಿಸಿತು. ಬ್ಯಾಟರಿ ಪ್ರಕರಣದಲ್ಲಿ ಗ್ರಾಹಕರಿಗೆ ಮಾಹಿತಿ ನೀಡದಿದ್ದುದಕ್ಕೆ ಫ್ರಾನ್ಸ್ 2020ರಲ್ಲಿ ಆ್ಯಪಲ್‌ಗೆ 2.5 ಕೋಟಿ ಯೂರೋ ದಂಡ ಹಾಕಿತು.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಅಂತರ್ಜಾಲಕ್ಕೆ ಜೋಡಣೆಯಾಗುವ ಸಾಧನಗಳ ತಯಾರಕರು ಕನಿಷ್ಠ ಎಷ್ಟು ಕಾಲ ಭದ್ರತಾ ನವೀಕರಣ ನೀಡುತ್ತಾರೆಂದು ಪ್ರಕಟಿಸುವುದು ಕಡ್ಡಾಯವಾಯಿತು. ಎಷ್ಟು ಕಾಲ ಎಂದು ಆ ಕಾನೂನು ಹೇಳುವುದಿಲ್ಲ, ಹೇಳಿದ ಅವಧಿಗೆ ತಯಾರಕರನ್ನು ಬದ್ಧರನ್ನಾಗಿಸುತ್ತದೆ. ಇದರ ಪರಿಣಾಮವಾಗಿ ಆ್ಯಪಲ್ ಐಫೋನ್ 15 ಪ್ರೊ ಮ್ಯಾಕ್ಸ್‌ಗೆ ಕನಿಷ್ಠ 5 ವರ್ಷ ಎಂಬ ಅವಧಿಯನ್ನು ಲಿಖಿತವಾಗಿ ಪ್ರಕಟಿಸಿತು. ಯುರೋಪಿಯನ್ ಒಕ್ಕೂಟದ ಪರಿಸರಸ್ನೇಹಿ ವಿನ್ಯಾಸ ನಿಯಮಗಳು 2025ರ ಜೂನ್ 20ರಿಂದ ಜಾರಿಗೆ ಬಂದಿವೆ. ನವೀಕರಣಗಳ ಉಚಿತ ಲಭ್ಯತೆಗೆ ಅವು ಸೂಚಿಸುವ ಕನಿಷ್ಠ 5 ವರ್ಷಗಳನ್ನು, ಒಂದು ಮಾದರಿ ಮಾರುಕಟ್ಟೆಗೆ ಬರುವುದು ನಿಂತ ದಿನದಿಂದ ಎಣಿಸಲಾಗುತ್ತದೆ. ಕೊಂಡ ದಿನ ಯಾವುದೇ ಆಗಿರಲಿ, ಗ್ರಾಹಕರಿಗೆ ನಷ್ಟವಾಗದಂತೆ ಮಾಡಿದ ಎಣಿಕೆ ಇದು.

ಭಾರತದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾಲತಾಣವೊಂದನ್ನು ತೆರೆಯಿತು. ಮೊಬೈಲ್ ಫೋನುಗಳೂ ಅದರ ವ್ಯಾಪ್ತಿಯಲ್ಲಿವೆ.

ಬೆಂಬಲ ಮುಗಿದ ನಂತರ

ಬೆಂಬಲ ನಿಂತ ದಿನವೇ ಫೋನು ಕೆಲಸ ನಿಲ್ಲಿಸುವುದಿಲ್ಲ. ಸುತ್ತಲಿನ ಸೇವೆಗಳು ಒಂದೊಂದಾಗಿ ಕೈಬಿಡುತ್ತವೆ. ವಾಟ್ಸ್‌ಆ್ಯಪ್ 2023ರ ಅಕ್ಟೋಬರ್ 24ರಿಂದ ಆಂಡ್ರಾಯ್ಡ್ 5.0ಕ್ಕಿಂತ ಹಿಂದಿನ ಫೋನುಗಳನ್ನೂ, 2025ರ ಮೇ 5ರಿಂದ ಐಓಎಸ್ 15.1ಕ್ಕಿಂತ ಹಿಂದಿನ ಐಫೋನುಗಳನ್ನೂ ಕೈಬಿಟ್ಟಿತು. ಬ್ಯಾಂಕುಗಳ ಆ್ಯಪ್‌ಗಳೂ ಕಾಲಕಾಲಕ್ಕೆ ತಮಗೆ ಬೇಕಾದ ಕನಿಷ್ಠ ಆವೃತ್ತಿಯನ್ನು ಏರಿಸುತ್ತವೆ. ಕೆಲವೊಮ್ಮೆ ಕಾರಣ ಇನ್ನೂ ಆಳದಲ್ಲಿರುತ್ತದೆ. ಐಫೋನ್ 5 ಮಾದರಿಯವರು 2019ರ ನವೆಂಬರ್ 3ರೊಳಗೆ ಐಓಎಸ್ 10.3.4ಕ್ಕೆ ಏರದಿದ್ದರೆ, ಜಿಪಿಎಸ್ ವ್ಯವಸ್ಥೆಯ ವಾರಗಳ ಎಣಿಕೆ ಮರಳಿ ಸೊನ್ನೆಯಿಂದ ಆರಂಭವಾಗುವ ಕಾರಣ ಫೋನಿನ ದಿನಾಂಕ ತಪ್ಪಿ, ಇಮೇಲ್ ಮತ್ತು ಜಾಲಸಂಪರ್ಕಗಳು ನಿಲ್ಲುವಂತಿದ್ದವು. ಜಾಲತಾಣಗಳ ಸಾಚಾತನವನ್ನು ಪರಿಶೀಲಿಸಲು ಫೋನಿನೊಳಗೆ ಇರುವ ಮೂಲ ಪ್ರಮಾಣಪತ್ರಗಳ ಅವಧಿಯೂ ಹೀಗೆಯೇ ಮುಗಿಯುತ್ತದೆ. ಅವು ಹೊಸದಾಗುವುದು ನವೀಕರಣದ ಮೂಲಕ.

ಉಳಿದ ದಾರಿ ಸ್ವಯಂಸೇವಕರು ರೂಪಿಸುವ ತಂತ್ರಾಂಶಗಳದು. 2016ರ ಕೊನೆಯಲ್ಲಿ ಸಯಾನೋಜೆನ್‌ಮಾಡ್ ನಿಂತಾಗ ಅದರ ಉತ್ತರಾಧಿಕಾರಿಯಾಗಿ ಲಿನೇಜ್‌ಓಎಸ್ ಹುಟ್ಟಿಕೊಂಡಿತು. ತಯಾರಕರು ಕೈಬಿಟ್ಟ ಅನೇಕ ಮಾದರಿಗಳಿಗೆ ಅದು ಹೊಸ ಆಂಡ್ರಾಯ್ಡ್ ಆವೃತ್ತಿಗಳನ್ನು ಒದಗಿಸುತ್ತಿದೆ. ನೆದರ್ಲೆಂಡ್ಸ್‌ನ ಫೇರ್‌ಫೋನ್ ಎಂಬ ಚಿಕ್ಕ ಸಂಸ್ಥೆಯು, ಚಿಪ್ ತಯಾರಕರ ಬೆಂಬಲ ನಿಂತ ಮೇಲೂ, ಈ ಸಮುದಾಯದ ಕೆಲಸವನ್ನು ಆಧರಿಸಿ ತನ್ನ 2015ರ ಫೇರ್‌ಫೋನ್ 2ಕ್ಕೆ ಆಂಡ್ರಾಯ್ಡ್ 10ರವರೆಗೆ ಆವೃತ್ತಿಗಳನ್ನು ನೀಡಿ, 2023ರ ಮಾರ್ಚ್‌ವರೆಗೆ ಬೆಂಬಲ ಮುಂದುವರಿಸಿತು. ಆದರೆ ಸಮುದಾಯದ ಆವೃತ್ತಿಯನ್ನು ತಾವಾಗಿಯೇ ಅಳವಡಿಸಲು ಸಾಮಾನ್ಯವಾಗಿ ಫೋನಿನ ಬೂಟ್‌ಲೋಡರ್ ಬೀಗವನ್ನು ತೆರೆಯಬೇಕಾಗುತ್ತದೆ. ಹಾಗೆ ಮಾಡುವಾಗ ಫೋನಿನಲ್ಲಿರುವ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. ಬೀಗ ತೆರೆದ ಫೋನನ್ನು ಅನೇಕ ಬ್ಯಾಂಕಿಂಗ್ ಆ್ಯಪ್‌ಗಳು ಗುರುತಿಸಿ ಕೆಲಸ ಮಾಡಲು ನಿರಾಕರಿಸುತ್ತವೆ. ತಂತ್ರಾಂಶವು ತಯಾರಕರ ಹಳೆಯ ಆವೃತ್ತಿಗಿಂತ ಹೊಸದಾಗಿದ್ದರೂ ಇದರಲ್ಲಿ ವ್ಯತ್ಯಾಸವಾಗುವುದಿಲ್ಲ.